ಏಳು ಸಾವಿರದ ಗೊರಕೆ

ರಾತ್ರಿಗೆ ಏಳು ಸಾವಿರ ರೂಪಾಯಿಯ ಟೆಂಟು ಹಿಡಿದು ಎಂಟೂವರೆಗೆಲ್ಲ ಗೊರಕೆ ಹೊಡೆಯುವವರು ಯಾರೆಂದರೆ, ನಮ್ಮಂಥ ಸೈಕಲ್ ತುಳಿಯುವವರು. ಕಾಫಿ ತೋಟದ ನಡುವೆ ದೊಡ್ಡ ಕ್ಯಾನ್ವಾಸ್ ಟೆಂಟು, ಒಳಗೆ ಡಬಲ್ ಕಾಟು, ಗೀಸರ್ ಇರುವ ಬಾತ್‌ರೂಮು, ಹೊರಗೆ ಮರದ ಜಗಲಿ, ಅದರ ಮೇಲೆ ಎರಡು ಬೆತ್ತದ ಕುರ್ಚಿ. ಗ್ಲ್ಯಾಂಪಿಂಗ್ ಎಂದರೆ ಇಷ್ಟೇ. ನಮ್ಮ ಸೈಕಲ್ ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಈಗ ಎಲ್ಲಿ ನೋಡಿದರೂ ಇದರದೇ ಫೋಟೊ. ಜಗಲಿಗೆ ಒರಗಿಸಿದ ಸೈಕಲ್ಲು, ಹಿಂದೆ ಮಂಜು ಕವಿದ ಗುಡ್ಡ. ಬಿಲ್ಲಿನ ಫೋಟೊ ಮಾತ್ರ ಯಾರೂ ಹಾಕುವುದಿಲ್ಲ.

ನಾನು ಇದನ್ನು ಎಚ್ಚರ ಇದ್ದ ಗಂಟೆಗಳಲ್ಲಿ ಅಳೆಯುತ್ತೇನೆ. ಟೆಂಟಿನ ಬಾಡಿಗೆ ₹7,000, ಜಿಎಸ್‌ಟಿ ಸೇರಿ ₹7,350 ಅಂತಿಟ್ಟುಕೊಳ್ಳಿ. ನೂರೈವತ್ತು ಕಿಲೋಮೀಟರ್ ತುಳಿದು ಸಂಜೆ ನಾಲ್ಕಕ್ಕೆ ತಲುಪಿ, ಎಂಟೂವರೆಗೆ ಮಲಗಿ, ಬೆಳಕು ಹರಿಯುವ ಮುಂಚೆ ಹೊರಟರೆ ಆ ಜಾಗವನ್ನು ಕಣ್ಣುಬಿಟ್ಟು ಅನುಭವಿಸಿದ್ದು ನಾಲ್ಕೂವರೆ ಗಂಟೆ. ಗಂಟೆಗೆ ಸಾವಿರದ ಆರುನೂರು ರೂಪಾಯಿಗೂ ಮೇಲಾಯಿತು. ಅದರಲ್ಲಿ ಒಂದು ಗಂಟೆ ಸ್ನಾನಕ್ಕೆ, ಇನ್ನೊಂದು ತೊಡೆ ನೀವಿಕೊಳ್ಳುವುದಕ್ಕೆ ಹೋಗುತ್ತದೆ. ಅದೇ ಟೆಂಟಿನಲ್ಲಿ ಎರಡು ರಾತ್ರಿ ಇದ್ದು, ನಡುವಿನ ದಿನ ಮಧ್ಯಾಹ್ನದೊಳಗೆ ವಾಪಸ್ ಬರುವಷ್ಟು ಮಾತ್ರ ತುಳಿದರೆ ಎಚ್ಚರದ ಹೊತ್ತು ಹದಿನಾಲ್ಕು ಗಂಟೆ ದಾಟುತ್ತದೆ. ಬಿಲ್ಲು ದುಪ್ಪಟ್ಟು, ಅನುಭವ ಮೂರು ಪಟ್ಟು. ಹಾದುಹೋಗುವ ರಾತ್ರಿಗೆ ಲಾಡ್ಜು, ತಂಗುವ ರಾತ್ರಿಗೆ ಟೆಂಟು ಎಂಬುದು ನನ್ನ ಪಕ್ಷ.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗುವವರು ಒಂದೇ ದಿನದಲ್ಲಿ ಇನ್ನೂರಿಪ್ಪತ್ತು ಕಿಲೋಮೀಟರ್ ತುಳಿದು ಸುಸ್ತಾಗಿ ಟೆಂಟಿಗೆ ಬೀಳುವುದಕ್ಕಿಂತ ಹಾಸನದಲ್ಲಿ ಇಳಿದುಕೊಳ್ಳುವುದು ವಾಸಿ. ಸಾಧಾರಣ ಲಾಡ್ಜಿನಲ್ಲಿ ಮಲಗಿ, ಮಾರನೆಯ ದಿನ ಉಳಿದ ನಲವತ್ತು ಕಿಲೋಮೀಟರ್ ಮುಗಿಸಿದರೆ ಹತ್ತಕ್ಕೆಲ್ಲ ಸಕಲೇಶಪುರ. ಚೆಕ್ ಇನ್ ಇರುವುದು ಒಂದಕ್ಕೋ ಎರಡಕ್ಕೋ. ಬ್ಯಾಗು ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಫೋನಿನಲ್ಲಿ ಕೇಳಿದರೆ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಆ ನಡುವಿನ ಹೊತ್ತಿನಲ್ಲಿ ಮಂಜರಾಬಾದ್ ಕೋಟೆ ನೋಡಬಹುದು. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ ಅದು. ಆದರೆ ಅಲ್ಲಿಗೆ ಹೋಗುವುದು ಮಂಗಳೂರಿನ ಲಾರಿಗಳೆಲ್ಲ ಓಡುವ ಹೆದ್ದಾರಿಯಲ್ಲಿ, ಮೇಲೆ ಹತ್ತಲು ಮೆಟ್ಟಿಲು. ಪೆಡಲ್ಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂನಲ್ಲಿ ಮೆಟ್ಟಿಲು ಹತ್ತುವ ಸಾಹಸ ಬೇಡ. ಟೆಂಟಿನ ಎರಡನೆಯ ದಿನಕ್ಕೆ ಹಾನುಬಾಳು ಕಡೆಯ ತೋಟದ ರಸ್ತೆಗಳಿವೆ. ಏರು ಇದೆ, ನೆರಳೂ ಇದೆ.

ಬುಕ್ ಮಾಡುವಾಗ ನೆನಪಿಡಬೇಕಾದ ಒಂದು ಸಂಖ್ಯೆ 7,500. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ಕೋಣೆಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಗೆರೆ ದಾಟಿದರೆ ಶೇ 18. ₹7,400ರ ಟೆಂಟಿಗೆ ತೆರಿಗೆ ಸೇರಿ ₹7,770 ಆಗುತ್ತದೆ. ₹7,900ರ ಟೆಂಟಿಗೆ ₹9,322. ಬಾಡಿಗೆಯಲ್ಲಿ ಐನೂರು ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಸಾವಿರದ ಐನೂರ ಐವತ್ತೆರಡು. ಲೆಕ್ಕ ಹಿಡಿಯುವುದು ರಿಯಾಯಿತಿ ಕಳೆದ ಮೇಲಿನ ದರವನ್ನು. ಹಾಗಾಗಿ ಎಂಟು ಸಾವಿರದ ಟೆಂಟಿಗೆ ವಾರದ ನಡುವೆ ಆರುನೂರು ಬಿಡಿಸಿಕೊಂಡರೆ ತೆರಿಗೆಯೂ ಕೆಳಗಿಳಿಯುತ್ತದೆ. ಆ್ಯಪ್‌ನಲ್ಲಿ ದರ ನೋಡಿ, ಫೋನ್ ಎತ್ತಿ ನೇರವಾಗಿ ಮಾಲೀಕರನ್ನೇ ಕೇಳಿ. ಆ್ಯಪ್‌ನವರಿಗೆ ಕೊಡುವ ಕಮಿಷನ್ ಉಳಿಯುವುದರಿಂದ ಅವರಿಗೂ ಚೌಕಾಸಿಗೆ ಜಾಗ ಇರುತ್ತದೆ. ಅಂದಹಾಗೆ, ಅದೇ ದಿನದಿಂದ ಸೈಕಲ್ಲಿನ ಜಿಎಸ್‌ಟಿಯೂ ಶೇ 12ರಿಂದ 5ಕ್ಕೆ ಇಳಿದಿದೆ. ನಮ್ಮ ಗುಂಪಿನಲ್ಲಿ ಕೆಲವರಿಗೆ ಹೊಸ ಸೈಕಲ್ ಕೊಳ್ಳಲು ಮನೆಯಲ್ಲಿ ಹೇಳಲಿಕ್ಕೆ ಅಷ್ಟು ನೆಪ ಸಾಕಾಯಿತು.

ಇನ್ನು ತಿಂಡಿ. ‘ಬ್ರೇಕ್‌ಫಾಸ್ಟ್ ಫ್ರೀ’ ಎಂದು ಬರೆದಿರುತ್ತಾರೆ. ಸೈಕಲ್ಲಿನವರು ಹೊರಡುವುದು ಆರಕ್ಕೆ, ಬಫೆ ತೆರೆಯುವುದು ಎಂಟೂವರೆಗೆ. ಬಾಡಿಗೆಯಲ್ಲಿ ಸೇರಿಕೊಂಡ ತಿಂಡಿ ಅಲ್ಲೇ ಉಳಿದು, ನಾವು ದಾರಿಯ ಹೋಟೆಲಿನಲ್ಲಿ ಮತ್ತೆ ದುಡ್ಡು ಕೊಟ್ಟು ಇಡ್ಲಿ ತಿನ್ನುತ್ತೇವೆ. ಸಕಲೇಶಪುರದ ಆಚೆಯ ಒಂದು ತೋಟದಲ್ಲಿ ರಾತ್ರಿ ಊಟ ಬಡಿಸುತ್ತಿದ್ದ ಅಡುಗೆಯವರಿಗೆ ಇದನ್ನೇ ಹೇಳಿದೆ.

“ಎಷ್ಟೊತ್ತಿಗೆ ಹೊರಡ್ತೀರ ಸಾರ್?”

“ಐದೂಮುಕ್ಕಾಲಿಗೆ.”

“ಹಂಗಾರೆ ಐದಕ್ಕೇ ಎದ್ದು ರೊಟ್ಟಿ ತಟ್ಟಿಬಿಡ್ತೀನಿ. ಬಫೆ ಎಲ್ಲ ಮೇನೇಜರ್ ಟೈಮು, ಒಲೆ ನನ್ ಟೈಮು.”

ಬಾಳೆಲೆಯಲ್ಲಿ ಸುತ್ತಿದ ಅಕ್ಕಿರೊಟ್ಟಿ, ಗಟ್ಟಿ ಕಾಯಿಚಟ್ನಿ, ಮೇಲೆ ಒಂದು ಹಳೇ ಪೇಪರು, ಅದಕ್ಕೊಂದು ರಬ್ಬರ್ ಬ್ಯಾಂಡು. ಜೆರ್ಸಿಯ ಹಿಂದಿನ ಜೇಬಿನಲ್ಲಿ ಹತ್ತು ಕಿಲೋಮೀಟರ್‌ವರೆಗೂ ಬೆನ್ನಿಗೆ ಬಿಸಿ ತಾಗುತ್ತಿತ್ತು. ಅವರಿಗೆ ಕೊಟ್ಟ ಇನ್ನೂರು ರೂಪಾಯಿ ಟಿಪ್ಸು ಆ ಬಿಲ್ಲಿನಲ್ಲೇ ಅತಿ ಸದುಪಯೋಗವಾದ ಖರ್ಚು.

ಊಟ, ಸಫಾರಿ ಎಲ್ಲ ಸೇರಿದ ಪ್ಯಾಕೇಜಿನ ಬಗ್ಗೆ ಇನ್ನೂ ಹುಷಾರಾಗಿರಬೇಕು. 1980ರಲ್ಲಿ ಶುರುವಾದ ನಮ್ಮ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನವರು ಗ್ಲ್ಯಾಂಪಿಂಗ್ ಎಂಬ ಹೊಸ ಹೆಸರು ಬರುವ ಎಷ್ಟೋ ಮೊದಲಿನಿಂದ ಟೆಂಟುಗಳಲ್ಲಿ ಜನರನ್ನು ಇರಿಸುತ್ತಿದ್ದಾರೆ. ಕಾರಾಪುರದ ಅವರ ಕಬಿನಿ ರಿವರ್ ಲಾಡ್ಜ್‌ನಲ್ಲಿ ದರ ತಲೆಗಿಷ್ಟು ಎಂದು. ಅದರಲ್ಲಿ ಊಟ, ಸಫಾರಿ ಸೇರಿರುತ್ತದೆ. ಪ್ರಾಣಿ ನೋಡಲು ಹೋಗುವವರಿಗೆ ಅದು ಒಳ್ಳೆಯ ಲೆಕ್ಕ. ಮೈಸೂರಿನಿಂದ ಎಚ್.ಡಿ. ಕೋಟೆ ರಸ್ತೆ ತುಳಿಯುವುದೇ ಆಸೆಯಾದವರು, ಸಂಜೆಯ ಸಫಾರಿ ಜೀಪಿನಲ್ಲಿ ತೂಕಡಿಸಲು ಅಷ್ಟು ಕೊಡಬೇಕಿಲ್ಲ. ಕಾಡಿನ ಅಂಚಿನ ಇಂಥ ಜಾಗಗಳಿಗೆ ಹೋಗುವ ಮುಂಚೆ ಗೇಟಿನಿಂದ ಒಳಗೆ ಸೈಕಲ್ ಬಿಡುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ಟೆಂಟಿಗೆ ಬಾಗಿಲಿಲ್ಲ, ಜಿಪ್ ಇದೆ. ಅದಕ್ಕೆ ಸೂಟ್‌ಕೇಸಿನ ಪುಟಾಣಿ ಬೀಗ. ಅರವತ್ತು ಸಾವಿರದ ಸೈಕಲ್ಲನ್ನು ರಾತ್ರಿಯಿಡೀ ಹೊರಗೆ ಬಿಟ್ಟು ನನಗಂತೂ ನಿದ್ದೆ ಬಾರದು. ಒಳಗೆ ತರುತ್ತೇನೆಂದರೆ ರತ್ನಗಂಬಳಿ ಕೆಸರಾಗುತ್ತದೆಂದು ಅಲ್ಲಿನ ಕೆಲಸದ ಹುಡುಗರು ತಕರಾರು ತೆಗೆಯುತ್ತಾರೆ. ಒಂದು ಬಕೆಟ್ ನೀರು, ಒಂದು ಹಳೇ ಬಟ್ಟೆ ಕೇಳಿ ಅವರೆದುರೇ ಚಕ್ರ ಒರೆಸಿಬಿಟ್ಟರೆ ತಕರಾರು ಅಲ್ಲಿಗೇ ನಿಲ್ಲುತ್ತದೆ. ಸೈಕಲ್ಲಿಗೆ ಆರ್‌ಸಿ ಇಲ್ಲ, ಆದ್ದರಿಂದ ಕೊಂಡ ಬಿಲ್ಲು ಮತ್ತು ಫ್ರೇಮ್ ನಂಬರಿನ ಫೋಟೊ ಮೊಬೈಲಿನಲ್ಲಿ ಇರಲಿ. ಸವಾರನ ವಿಷಯಕ್ಕೆ ಬಂದರೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ₹20, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ₹2 ಲಕ್ಷ. ಆಸ್ಪತ್ರೆಯ ಖರ್ಚು ಅದರಲ್ಲಿ ಬರುವುದಿಲ್ಲ. ಅದಕ್ಕೆ ಆರೋಗ್ಯ ವಿಮೆ ಬೇರೆಯೇ ಬೇಕು.

ಮಳೆಗಾಲದ ಅರ್ಧ ಬೆಲೆಗೆ ಮರುಳಾಗುವವರಿಗೆ ಒಂದು ಮಾತು. ಮಲೆನಾಡಿನ ಜುಲೈನಲ್ಲಿ ಟೆಂಟಿನೊಳಗೆ ತೊಳೆದು ಹಾಕಿದ ಜೆರ್ಸಿ ಎರಡು ದಿನವಾದರೂ ಒಣಗುವುದಿಲ್ಲ, ಶೂನೊಳಗೆ ಪೇಪರ್ ತುರುಕಿದರೂ ಬೆಳಿಗ್ಗೆ ಹಸಿಯೇ. ರಸ್ತೆಯೂ ನಂಬುವ ಹಾಗಿಲ್ಲ: 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಬಂದ್ ಆಗಿತ್ತು. ದುಡ್ಡು ವಾಪಸ್ ಇಲ್ಲ ಎಂಬ ಷರತ್ತಿನ ಅಗ್ಗದ ದರ ಆ ತಿಂಗಳುಗಳಲ್ಲಿ ಅಗ್ಗವೇ ಅಲ್ಲ.

ನನ್ನ ಹೆಂಡತಿ ಸೈಕಲ್ ತುಳಿಯುವುದಿಲ್ಲ. ಟೆಂಟಿನ ದುಡ್ಡು ಪೂರ್ತಿ ವಸೂಲು ಮಾಡುವವಳು ಅವಳೇ. ನಾನು ಮಧ್ಯಾಹ್ನ ಬೆವರಿಳಿಸಿಕೊಂಡು ಬರುವಷ್ಟರಲ್ಲಿ ಜಗಲಿಯ ಕುರ್ಚಿ, ಎರಡು ಸುತ್ತು ಕಾಫಿ, ತೋಟದೊಳಗೆ ಒಂದು ನಡಿಗೆ, ಅರ್ಧ ಕಾದಂಬರಿ ಎಲ್ಲ ಮುಗಿದಿರುತ್ತದೆ. “ನೀವು ತಿರುಗ್ಕೊಂಡು ಬನ್ನಿ, ನಾನು ಆರಾಮಾಗಿದ್ದೀನಿ” ಎನ್ನುತ್ತಾಳೆ. ಮನೆಯಲ್ಲಿ ಒಬ್ಬರಾದರೂ ಹೀಗಿದ್ದರೆ ನನ್ನ ಗಂಟೆಯ ಲೆಕ್ಕವೇ ಬದಲಾಗುತ್ತದೆ, ಟೆಂಟಿಗೆ ಕೊಡಲು ಧೈರ್ಯ ಬರುತ್ತದೆ. ಅವಳು ಕಾರಿನಲ್ಲಿ ಬರುವುದರಿಂದ ಬ್ಯಾಗಿನ ಭಾರವೂ ನನಗಿಲ್ಲ.

ಈ ದುಡ್ಡನ್ನು ‘ನೋ ಕಾಸ್ಟ್ ಇಎಂಐ’ನಲ್ಲಿ ಹುಟ್ಟಿಸಬೇಡಿ. ಪ್ರೊಸೆಸಿಂಗ್ ಶುಲ್ಕ ಇರುತ್ತದೆ, ಬಡ್ಡಿಯ ಭಾಗದ ಮೇಲೆ ಶೇ 18 ಜಿಎಸ್‌ಟಿ ಇರುತ್ತದೆ. ಬ್ಯಾಂಕಿನಲ್ಲಿ ತಿಂಗಳಿಗೆ ₹1,500ರಂತೆ ಹತ್ತು ತಿಂಗಳ ಆರ್‌ಡಿ ಹಾಕಿದರೆ ಹದಿನೈದು ಸಾವಿರ, ಶೇ 6ರ ಬಡ್ಡಿಯಲ್ಲಿ ಅದರ ಮೇಲೆ ಸುಮಾರು ನಾನೂರು ರೂಪಾಯಿ. ಎರಡು ರಾತ್ರಿಯ ಟೆಂಟೂ ಆಯಿತು, ಅಡುಗೆಯವರ ಟಿಪ್ಸೂ ಆಯಿತು. ಜನವರಿಯಲ್ಲಿ ಶುರು ಮಾಡಿದರೆ ಅದು ಕೈಗೆ ಬರುವುದು ನವೆಂಬರಿನಲ್ಲಿ. ಆಗ ಮಳೆ ಹಿಂದೆ ಸರಿದಿರುತ್ತದೆ, ಅರೇಬಿಕಾ ಕೊಯ್ಲು ಶುರುವಾಗುತ್ತಿರುತ್ತದೆ, ಕ್ರಿಸ್‌ಮಸ್ ರಜೆಯ ದರ ಇನ್ನೂ ಏರಿರುವುದಿಲ್ಲ. ಸೋಮವಾರ, ಮಂಗಳವಾರ ರಜೆ ಸಿಗುತ್ತದಾ ಎಂದು ಈಗಲೇ ಆಫೀಸಿನಲ್ಲಿ ಕೇಳಿಡಿ.