ಕಲ್ಲಿದ್ದಲಿನ ಕೆಲಸಕ್ಕೆ ಹೊರಟವನಿಗೆ

ತಮ್ಮಾ, ಡಿಪ್ಲೊಮಾ ಮುಗಿಸಿ ವರ್ಷ ತುಂಬುವ ಮೊದಲೇ ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದ ನೇಮಕಾತಿ ಪತ್ರ ಬಂತು. ಮನೆಯವರೆಲ್ಲ ಹಿಗ್ಗಿದರು, ನೀನು ಮಾತ್ರ ಹಿಗ್ಗಲಿಲ್ಲ. "ಕಾಕಾ, ಕಲ್ಲಿದ್ದಲಿನ ಕಾಲ ಮುಗೀತು ಅಂತಾರ ಎಲ್ಲಾರು. ಹೋಗಿ ಹೋಗಿ ಅದಕ್ಕs ಸೇರಲೇನು?" ಎಂದು ಕೇಳಿದೆ. ಹೂಂ ಅಥವಾ ಊಹೂಂ ಎಂದು ಮುಗಿಸಬಹುದಿತ್ತು. ಆದರೆ ಬಾಯ್ಲರ್ ಕಡೆಯೇ ದುಡಿದು ನಿವೃತ್ತನಾದವನು ನಾನು, ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. ನೀನು ಸುಡಲು ಹೊರಟಿರುವ ವಸ್ತು ಏನೆಂದು ಮೊದಲು ತಿಳಿದುಕೋ. ಆಮೇಲೆ ಬೇಕಾದರೆ ಬೈ, ಬೇಕಾದರೆ ಬಿಡು.

ಕೋಲ್ ಯಾರ್ಡಿನ ರಾಶಿಯಲ್ಲಿ ಬೂದುಬಣ್ಣದ ಚಪ್ಪಟೆ ಕಲ್ಲುಗಳು ಸಿಗುತ್ತವೆ. ನಾವು ಶೇಲ್ ಎನ್ನುತ್ತೇವೆ, ಸಿಕ್ಕರೆ ಆರಿಸಿ ಎಸೆಯುತ್ತೇವೆ. ಎಸೆಯುವ ಮೊದಲು ಪದರ ಬಿಡಿಸಿ ನೋಡು. ಅದೃಷ್ಟವಿದ್ದರೆ ನಾಲಿಗೆಯಾಕಾರದ ಎಲೆಯ ಅಚ್ಚು ಕಾಣುತ್ತದೆ. ನಡುವೆ ದಪ್ಪ ನರ, ಅದರ ಎರಡೂ ಬದಿಗೆ ಹೆಣೆದುಕೊಂಡ ಸಣ್ಣ ನರಗಳು. ಗ್ಲಾಸೊಪ್ಟೆರಿಸ್ ಎಂಬ ಮರದ ಎಲೆ ಅದು. ಆ ಮರಗಳು ಬದುಕಿದ್ದು 25ರಿಂದ 30 ಕೋಟಿ ವರ್ಷಗಳ ಹಿಂದೆ. ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲವೂ ಆಗ ಗೊಂಡ್ವಾನ ಎಂಬ ಒಂದೇ ಖಂಡವಾಗಿದ್ದವು. 1912ರಲ್ಲಿ ದಕ್ಷಿಣ ಧ್ರುವ ಮುಟ್ಟಿ ಹಿಂತಿರುಗುವಾಗ ಸತ್ತ ಸ್ಕಾಟ್ ತಂಡದವರ ಬಳಿ ಸುಮಾರು 16 ಕಿಲೊ ಕಲ್ಲು ಸಿಕ್ಕಿತು. ಅದರಲ್ಲಿ ಇದೇ ಎಲೆಯ ಅಚ್ಚಿತ್ತು. ಹಸಿವಿನಿಂದ ನಡೆಯಲಾಗದ ಸ್ಥಿತಿಯಲ್ಲೂ ಅವರು ಆ ಭಾರವನ್ನು ಇಳಿಸಿರಲಿಲ್ಲ. ನಾವು ಬೆಲ್ಟ್ ಬದಿಗೆ ಬಿಸಾಡುವ ಕಲ್ಲಿನ ಬೆಲೆ ಬಲ್ಲವರಿಗೆ ಅಷ್ಟಿತ್ತು.

ಆ ಮರಗಳು ಒಣನೆಲದಲ್ಲಿ ಬಿದ್ದಿದ್ದರೆ ಕೊಳೆತು ಗಾಳಿಗೆ ಸೇರಿ ಹೋಗುತ್ತಿದ್ದವು. ಬಿದ್ದದ್ದು ಜೌಗಿನಲ್ಲಿ. ನಿಂತ ನೀರಿನಡಿ ಆಮ್ಲಜನಕ ಇಲ್ಲದೆ ಕೊಳೆಯುವ ಕೆಲಸ ಅರ್ಧಕ್ಕೇ ನಿಂತಿತು. ಉಳಿದದ್ದು ಪೀಟ್ ಎಂಬ ಕಂದು ಮೆತ್ತೆ. ಗೋದಾವರಿ, ದಾಮೋದರ ಕಣಿವೆಗಳ ನೆಲ ಕುಸಿಯುತ್ತಲೇ ಇತ್ತು, ಮೇಲೆ ಮಣ್ಣು ಮರಳು ಬಂದು ಬೀಳುತ್ತಲೇ ಇತ್ತು. ಭಾರ ಹೆಚ್ಚಿ, ಕೆಳಗಿನ ಬಿಸಿ ತಾಗಿ ನೀರು ಹಿಂಡಿಹೋಯಿತು, ಆವಿಯಾಗುವುದು ಆವಿಯಾಯಿತು, ಇಂಗಾಲ ದಟ್ಟವಾಯಿತು. ಪೀಟ್ ಮೊದಲು ಲಿಗ್ನೈಟ್ ಆಗುತ್ತದೆ. ತಮಿಳುನಾಡಿನ ನೈವೇಲಿಯಲ್ಲಿ ತೆಗೆಯುವುದು ಅದೇ. ವಯಸ್ಸಿನಲ್ಲಿ ಚಿಕ್ಕದು, ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಇನ್ನೂ ಬೆಂದರೆ ಬಿಟುಮಿನಸ್. ಸಿಂಗರೇಣಿಯಿಂದ ರಾಯಚೂರಿಗೆ ಬರುವ ಕಪ್ಪು ಕಲ್ಲು ಈ ಗುಂಪಿನದು. ಕೊನೆಯ ಮೆಟ್ಟಿಲು ಆಂಥ್ರಸೈಟ್, ನಮ್ಮ ದೇಶದಲ್ಲಿ ಅದು ಅಪರೂಪ.

ಹಾಗಾದರೆ ಕರ್ನಾಟಕದಲ್ಲಿ ಕಲ್ಲಿದ್ದಲು ಯಾಕಿಲ್ಲ? ನಮ್ಮ ಬಂಡೆಗಳು ಹಳೆಯವು. ಧಾರವಾಡ ಶಿಲಾಸಮೂಹಕ್ಕೆ 250 ಕೋಟಿ ವರ್ಷಕ್ಕೂ ಮೇಲಾಗಿದೆ. ನೆಲದ ಮೇಲೆ ಗಿಡ ಹುಟ್ಟಿ 50 ಕೋಟಿ ವರ್ಷವೂ ಆಗಿಲ್ಲ. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಇದ್ದಿಲೆಲ್ಲಿಂದ ಬರಬೇಕು! ಚಿನ್ನ ಕೊಟ್ಟಿತು, ಕಬ್ಬಿಣ ಕೊಟ್ಟಿತು, ಕಲ್ಲಿದ್ದಲು ಕೊಡಲಿಲ್ಲ. ಅದಕ್ಕೇ 1902ರ ಶಿವನಸಮುದ್ರದಿಂದ ಹಿಡಿದು, 1985ರಲ್ಲಿ ರಾಯಚೂರು ಬಳಿಯ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಗುವ ತನಕ ನಾವು ಹೆಚ್ಚುಕಡಿಮೆ ನೀರಿನ ಕರೆಂಟನ್ನೇ ನಂಬಿದ್ದೆವು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು. ಆ ದಿನಗಳ ಪವರ್‌ಕಟ್ ಕಂಡವರು ಕಲ್ಲಿದ್ದಲನ್ನು ಅಷ್ಟು ಸಲೀಸಾಗಿ ಬೈಯುವುದಿಲ್ಲ.

ನಿನ್ನ ಕೆಲಸ ನೇರವಾಗಿ ಈ ಕಲ್ಲಿನ ಜೊತೆಗೇ. ಒಂದು ರೇಕ್ ಎಂದರೆ ಐವತ್ತೆಂಟು, ಐವತ್ತೊಂಬತ್ತು ವ್ಯಾಗನ್, 3,500ರಿಂದ 4,000 ಟನ್. 210 ಮೆಗಾವಾಟಿನ ಒಂದು ಘಟಕ ಪೂರ್ತಿ ಲೋಡಿನಲ್ಲಿ ನಡೆದರೆ ದಿನಕ್ಕೆ ಹತ್ತಿರ ಹತ್ತಿರ ಒಂದು ರೇಕ್ ನುಂಗುತ್ತದೆ. ಟಿಪ್ಲರ್ ವ್ಯಾಗನ್ನನ್ನೇ ಮಗುಚಿ ಸುರಿಯುತ್ತದೆ, ಬೆಲ್ಟ್ ಸಾಗಿಸುತ್ತದೆ, ಮಿಲ್ ಅದನ್ನು ಜೋಳದ ಹಿಟ್ಟಿಗಿಂತ ನುಣ್ಣಗೆ ಅರೆಯುತ್ತದೆ, ಬಿಸಿಗಾಳಿ ಆ ಪುಡಿಯನ್ನು ಕುಲುಮೆಗೆ ಊದುತ್ತದೆ. ಉಗಿ 540 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಟರ್ಬೈನ್ ತಿರುಗಿಸುತ್ತದೆ. ಇಷ್ಟೆಲ್ಲ ಮಾಡಿಯೂ ಸುಟ್ಟ ಶಾಖದಲ್ಲಿ ಕರೆಂಟಾಗುವುದು ಮೂರನೆಯ ಒಂದು ಪಾಲಷ್ಟೇ. ಉಳಿದದ್ದರಲ್ಲಿ ಹೆಚ್ಚಿನದು ತಂಪುಗೋಪುರದಿಂದ, ಸ್ವಲ್ಪ ಚಿಮಣಿಯಿಂದ ಹೋಗುತ್ತದೆ. ಈ ಲೆಕ್ಕ ಕಾಲೇಜಿನಲ್ಲಿ ಕಲಿತಿದ್ದೀಯ, ಆದರೆ ಕಣ್ಣಾರೆ ಕಂಡಾಗ ಹೊಟ್ಟೆ ಉರಿಯುತ್ತದೆ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ವಿಪರೀತ. ನೂರು ಕಿಲೊ ಸುಟ್ಟರೆ ಮೂವತ್ತು, ನಲವತ್ತು ಕಿಲೊ ಬೂದಿ. ಹಳೆಯ ಹೊಳೆಗಳು ಗಿಡಗಳನ್ನು ಕೊಚ್ಚಿ ತರುವಾಗ ಕೆಸರನ್ನೂ ಬೆರೆಸಿ ತಂದವು ಎಂಬುದು ಅದಕ್ಕೊಂದು ಕಾರಣ. ಹಾರುಬೂದಿ ಸಿಮೆಂಟಿಗೆ, ಇಟ್ಟಿಗೆಗೆ ಹೋಗುತ್ತದೆ. ಹೋಗದೆ ಉಳಿದದ್ದು ಬೂದಿಹೊಂಡದಲ್ಲಿ ಕೂರುತ್ತದೆ, ಬೇಸಿಗೆಯ ಗಾಳಿಗೆ ಎದ್ದು ಸುತ್ತಲಿನ ಹೊಲಮನೆಗೆ ಬೀಳುತ್ತದೆ. ಆ ಊರಿನವರು ಗೇಟಿಗೆ ಬಂದು ಕೂಗಿದರೆ ಸಿಡುಕಬೇಡ. ನಮ್ಮ ಕರೆಂಟಿನ ಬೆಲೆಯಲ್ಲಿ ಒಂದು ಪಾಲು ಅವರು ಕೊಡುತ್ತಿದ್ದಾರೆ, ಯಾವ ಬಿಲ್ಲಿನಲ್ಲೂ ಅದು ಕಾಣುವುದಿಲ್ಲ.

ಯಾರ್ಡಿನ ಇನ್ನೊಂದು ಮಾತು. ರಾಶಿ ಬಹಳ ದಿನ ಕೂತರೆ ಯಾರೂ ಕಡ್ಡಿ ಗೀರದೆಯೇ ಹೊಗೆಯಾಡುತ್ತದೆ. ಕಲ್ಲಿದ್ದಲು ಗಾಳಿಯ ಆಮ್ಲಜನಕ ಹೀರಿ ತಾನಾಗಿ ಬಿಸಿಯಾಗುತ್ತದೆ, ಒಳಗಿನ ಬಿಸಿಗೆ ಹೊರಡಲು ದಾರಿ ಇರುವುದಿಲ್ಲ. ಡೋಜರ್ ಹತ್ತಿಸಿ ರಾಶಿಯನ್ನು ದಮ್ಮಾಸು ಮಾಡಿ ಗಾಳಿ ಹೊರಗಟ್ಟಬೇಕು. ಹೊಗೆ ಕಂಡಲ್ಲಿ ಕಾಲಿಡಬೇಡ. ಮೇಲೆ ಗಟ್ಟಿ ಕಂಡರೂ ಒಳಗೆ ಸುಟ್ಟು ಪೊಳ್ಳಾಗಿರುತ್ತದೆ.

ಕಲ್ಲಿದ್ದಲಿನ ಜೊತೆಗೇ ಎಲ್ಲರೂ ಸೇರಿಸಿ ಹೇಳುವ ಎಣ್ಣೆಯ ಹುಟ್ಟು ಬೇರೆ. ಡೈನೋಸಾರ್ ಕರಗಿ ಪೆಟ್ರೋಲ್ ಆಯಿತು ಎಂದು ಹುಡುಗರು ಈಗಲೂ ಹೇಳುತ್ತಾರೆ, ಅದನ್ನು ಮರೆತುಬಿಡು. ಕಣ್ಣಿಗೆ ಕಾಣದ ಕಡಲ ಜೀವಿಗಳು, ಪಾಚಿಗಳು ತಳದ ಕೆಸರಿನಲ್ಲಿ ಹೂತು, 60ರಿಂದ 120 ಡಿಗ್ರಿ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದು ಎಣ್ಣೆಯಾದವು. ಬಿಸಿ ಇನ್ನೂ ಮೀರಿದರೆ ಎಣ್ಣೆ ಒಡೆದು ಅನಿಲವಾಗುತ್ತದೆ. ನೆಲದಡಿ ಎಣ್ಣೆಯ ಕೆರೆ ಎಲ್ಲೂ ಇಲ್ಲ, ಇರುವುದು ಕಲ್ಲಿನ ರಂಧ್ರಗಳಲ್ಲಿ. ಮೇಲೊಂದು ಬಿಗಿಯಾದ ಬಂಡೆ ಮುಚ್ಚಳವಾಗಿ ಕೂತರೆ ಮಾತ್ರ ಅದು ಉಳಿಯುತ್ತದೆ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ, ಮುಂಬಯಿಯ ಕಡಲಿನ ಬಾಂಬೆ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು. ಆದರೂ ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನದು. ತಮಾಷೆಯೆಂದರೆ, ಎಣ್ಣೆ ಹುಟ್ಟಿಸದ ನಮ್ಮ ಕರಾವಳಿಯ ಗಟ್ಟಿಬಂಡೆ ಅದನ್ನು ಕಾಪಿಡಲು ಹೇಳಿ ಮಾಡಿಸಿದ ಹಾಗಿದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಬಂಡೆಯೊಳಗೆ ಕೊರೆದು ಆಪತ್ಕಾಲಕ್ಕೆಂದು ಕಚ್ಚಾತೈಲ ತುಂಬಿಡುತ್ತಾರೆ.

ಈಗ ನಾನು ಹೇಳಬೇಕೆಂದಿದ್ದ ಮಾತು. ಕಲ್ಲಿದ್ದಲು, ಎಣ್ಣೆ, ಅನಿಲಗಳ ಉಪಯೋಗ ಎಂದಾಗ ಎಲ್ಲರೂ ಸುಡುವುದನ್ನೇ ನೆನೆಯುತ್ತಾರೆ. ನಿಮ್ಮಪ್ಪ ಹೊಲಕ್ಕೆ ಎರಚುವ ಯೂರಿಯಾ ಬಹುಪಾಲು ನೈಸರ್ಗಿಕ ಅನಿಲದಿಂದ ಆದದ್ದು. ಅನಿಲದ ಹೈಡ್ರೋಜನ್ನು ಗಾಳಿಯ ಸಾರಜನಕಕ್ಕೆ ಕೂಡಿದರೆ ಅಮೋನಿಯ, ಅದರಿಂದ ಯೂರಿಯಾ. ರಸ್ತೆಯ ಡಾಂಬರು, ಸಲೈನ್ ಬಾಟಲಿ, ಹನಿ ನೀರಾವರಿಯ ಪೈಪು ಎಲ್ಲದರ ಮೂಲ ಕಚ್ಚಾತೈಲ. ಉಕ್ಕಿನ ಕುಲುಮೆಗೆ ಕೋಕ್ ಬೇಕು, ಅದಕ್ಕೆ ಬೇರೆಯೇ ಜಾತಿಯ ಕಲ್ಲಿದ್ದಲು ಬೇಕು. ಇವಕ್ಕೆಲ್ಲ ಬದಲಿ ಹುಡುಕುವುದು ಕಷ್ಟ. ಕರೆಂಟಿಗೆ ಬದಲಿ ಕಣ್ಣೆದುರೇ ಇದೆ, ಪಾವಗಡದ ಸೋಲಾರ್ ಪಾರ್ಕನ್ನು ನೀನೇ ನೋಡಿ ಬಂದಿದ್ದೀಯ. ಹೀಗಿರುವಾಗ ಬದಲಿ ಇರುವ ಕೆಲಸಕ್ಕೂ ಇವನ್ನೇ ಸುಡುವುದು ದಂಡದ ಖರ್ಚು.

ಸುಟ್ಟದ್ದು ಎಲ್ಲೂ ಹೋಗುವುದಿಲ್ಲ ಕೂಡ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೊ. ಉರಿದಾಗ ಅದರಿಂದ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಇಂಗಾಲದ 12 ಪಾಲಿಗೆ ಗಾಳಿಯ ಆಮ್ಲಜನಕ 32 ಪಾಲು ಸೇರುವುದರಿಂದ ಹೀಗಾಗುತ್ತದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 315 ಇತ್ತು. ಈಗ 420 ದಾಟಿದೆ. ಆ ಏರಿಕೆಯಲ್ಲಿ ನನ್ನ ಶಿಫ್ಟುಗಳ ಪಾಲೂ ಇದೆ. ನಿನಗಿದು ಗೊತ್ತಿರಲಿ.

ಹಾಗಿದ್ದೂ ಸೇರು ಎನ್ನುತ್ತೇನೆ. ಸೂರ್ಯ ಸಂಜೆ ಮುಳುಗುತ್ತಾನೆ, ಊರು ಆಗಲೇ ದೀಪ ಹಾಕುತ್ತದೆ. ನಮ್ಮ ಕಾಲದಲ್ಲಿ ಘಟಕವನ್ನು ಪೂರ್ತಿ ಲೋಡಿನಲ್ಲಿ ಓಡಿಸಿದವನೇ ಜಾಣ. ಈಗ ಮಧ್ಯಾಹ್ನ ಸೋಲಾರ್ ತುಂಬಿ ಬಂದಾಗ ಲೋಡನ್ನು ಅರ್ಧದ ಹತ್ತಿರಕ್ಕೆ ಇಳಿಸಬೇಕು, ಸಂಜೆ ಮತ್ತೆ ಸರಸರನೆ ಏರಿಸಬೇಕು. ಕಡಿಮೆ ಲೋಡಿನಲ್ಲಿ ಜ್ವಾಲೆ ನಡುಗುತ್ತದೆ, ಬಿಸಿ ಏರಿಳಿದು ಟ್ಯೂಬುಗಳು ದಣಿಯುತ್ತವೆ, ಬೆಂಕಿ ಆರದಂತೆ ಎಣ್ಣೆ ಕೊಡಬೇಕಾಗುತ್ತದೆ. ಸ್ಟೋರೇಜ್ ಬ್ಯಾಟರಿಗಳು ಸಾಕಷ್ಟು ಬರುವ ತನಕ ಈ ವಿದ್ಯೆ ಬಲ್ಲವರು ಬೇಕೇ ಬೇಕು, ನಮ್ಮ ಪೀಳಿಗೆಗೆ ಅದು ಅಷ್ಟಾಗಿ ಗೊತ್ತಿಲ್ಲ.

ಮೊದಲ ತಿಂಗಳು ಕಂಟ್ರೋಲ್ ರೂಮಿನ ಎ.ಸಿ.ಗೆ ಅಂಟಿಕೊಳ್ಳಬೇಡ. ಮಿಲ್ ಬಳಿ ನಿಂತು ಸದ್ದು ಕೇಳು, ಕಲ್ಲು ಸಿಕ್ಕಿಕೊಂಡರೆ ಮೀಟರಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಮಾಸ್ಕ್ ಕಟ್ಟದೆ ಬೂದಿಯ ಕಡೆ ಸುಳಿಯಬೇಡ. ರಜೆಯಲ್ಲಿ ಬ್ಯಾಟರಿ, ಇನ್ವರ್ಟರ್‌ಗಳ ಕೋರ್ಸೊಂದನ್ನು ಮಾಡಿಕೋ, ಫೀಸು ನಾನು ಕಟ್ಟುತ್ತೇನೆ.