ಕಡತವೇ ಓದುವಂತಿರಲಿ: ಸ್ಕ್ರೀನ್ ರೀಡರ್ ಬಳಸುವವರ ಹಕ್ಕು

ಇಲಾಖೆಯಿಂದ ಒಂದು ಆದೇಶ ಪಿಡಿಎಫ್ ರೂಪದಲ್ಲಿ ಬರುತ್ತದೆ. ಕಣ್ಣಿರುವವರಿಗೆ ಅದರಲ್ಲಿ ಅಕ್ಷರ, ಸಹಿ, ಮೊಹರು ಎಲ್ಲ ಕಾಣುತ್ತದೆ. ಅದೇ ಕಡತವನ್ನು ಅಂಧ ಉದ್ಯೋಗಿಯೊಬ್ಬರು ತೆರೆದರೆ ತೆರೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಅವರ ಸ್ಕ್ರೀನ್ ರೀಡರ್ ಖಾಲಿ ಪುಟ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆದೇಶವನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿರುತ್ತಾರೆ. ಆಮೇಲೆ ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಹೊರಟ ಕಡೆ ಅಕ್ಷರವಾಗಿದ್ದದ್ದು ತಲುಪುವ ಹೊತ್ತಿಗೆ ಬರಿಯ ಫೋಟೊ ಆಗಿರುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ, "ಯಾರ ಕೈಲಾದರೂ ಓದಿಸಿಕೊಳ್ಳಿ" ಎಂಬುದು. ಹೇಳುವವರಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ಸಂಬಳದ ವಿವರ, ವೈದ್ಯಕೀಯ ವರದಿ, ತನ್ನ ಮೇಲೆಯೇ ಹೊರಟ ವಿಚಾರಣೆ ನೋಟಿಸು ಇವನ್ನೆಲ್ಲ ಇನ್ನೊಬ್ಬರ ಬಾಯಿಂದ ಕೇಳಿಕೊಳ್ಳಬೇಕೆನ್ನುವುದು ಕಾನೂನಿಗೆ ಒಪ್ಪಿಗೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 42ನೇ ಕಲಂ ಪ್ರಕಾರ ಶ್ರವ್ಯ, ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿರುವ ಎಲ್ಲ ವಿಷಯವೂ ವಿಕಲಚೇತನರಿಗೆ ಎಟಕುವ ರೂಪದಲ್ಲಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. 12ನೇ ಕಲಂ ನ್ಯಾಯಾಲಯ, ನ್ಯಾಯಮಂಡಳಿಗಳ ಮುಂದಿನ ವ್ಯವಹಾರಕ್ಕೆ ಸಂಬಂಧಿಸಿದ್ದು. ಸಾರ್ವಜನಿಕ ದಾಖಲೆಗಳು ಎಟಕುವ ರೂಪದಲ್ಲಿರಬೇಕು ಎಂದು ಅದೂ ಹೇಳುತ್ತದೆ. ಮೀಸಲಾತಿಗೆ ಬೇಕಾಗುವ ಶೇ. 40ರ ಅಂಗವೈಕಲ್ಯದ ಮಿತಿಯನ್ನು 42ನೇ ಕಲಂ ಕೇಳುವುದಿಲ್ಲ. ಮಂದದೃಷ್ಟಿಯವರೂ ಈ ಹಕ್ಕನ್ನು ಕೇಳಬಹುದು.

ಓದುವಂಥ ಕಡತ ಎಂದರೆ ಯಾವುದು ಎಂಬುದು ಗೊತ್ತಿದ್ದರೆ ಅದನ್ನು ಕೇಳಿ ಬರೆಯುವ ಅರ್ಜಿ ಗಟ್ಟಿಯಾಗುತ್ತದೆ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಶೀರ್ಷಿಕೆಗಳನ್ನು ಸರಿಯಾಗಿ ಗುರುತಿಸಿದ ಕಡತವಾದರೆ ಎಚ್ ಕೀ ಒತ್ತುತ್ತ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯಬಹುದು. ಟಿ ಒತ್ತಿದರೆ ಕೋಷ್ಟಕ, ಕೆ ಒತ್ತಿದರೆ ಕೊಂಡಿ. ನಲವತ್ತು ಪುಟದ ಆದೇಶದಲ್ಲಿ 'ಷರತ್ತುಗಳು' ಎಂಬ ಭಾಗಕ್ಕೆ ಕ್ಷಣದಲ್ಲಿ ಹೋಗಬಹುದು. ಅಕ್ಷರವನ್ನು ಬರೀ ದಪ್ಪ ಮಾಡಿ, ಶೀರ್ಷಿಕೆಯೆಂದು ಗುರುತಿಸದೆ ಬಿಟ್ಟಿದ್ದರೆ ಮೊದಲ ಸಾಲಿನಿಂದ ಎಲ್ಲವನ್ನೂ ಕೇಳುತ್ತ ಕೂರಬೇಕು. ಆಯ್ಕೆ ಪಟ್ಟಿಗಳ ಪಾಡು ಇನ್ನೂ ಕಷ್ಟ. ಕೋಷ್ಟಕಕ್ಕೆ ತಲೆಸಾಲು ಇದ್ದರೆ ನೋಂದಣಿ ಸಂಖ್ಯೆ ಇಷ್ಟು, ಅಂಕ ಇಷ್ಟು, ವರ್ಗ ಇಂಥದು ಎಂದು ಕೇಳಿಸುತ್ತದೆ. ಇಲ್ಲದಿದ್ದರೆ ಅಂಕಿಗಳ ಮಳೆ ಸುರಿಯುತ್ತದೆ, ಯಾವುದು ಯಾರದೆಂದು ತಿಳಿಯದು.

ಕನ್ನಡದಲ್ಲಿ ಇದಕ್ಕಿಂತ ದೊಡ್ಡ ತೊಡಕೊಂದಿದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ತೆರೆಯ ಮೇಲೆ ಚೊಕ್ಕ ಕನ್ನಡವಾಗಿ ಕಾಣುತ್ತದೆ. ಒಳಗಿರುವುದು ಮಾತ್ರ ರೋಮನ್ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನೇ ಒಂದೊಂದಾಗಿ ಉಚ್ಚರಿಸುತ್ತದೆ. ಒಂದು ಪದವೂ ಅರ್ಥವಾಗುವುದಿಲ್ಲ. ಹಾಗಾಗಿ ಬರೇ 'ಪಿಡಿಎಫ್ ಕೊಡಿ' ಅಥವಾ 'ಸಾಫ್ಟ್ ಕಾಪಿ ಕೊಡಿ' ಎಂದರೆ ಸಾಲದು. 'ಯೂನಿಕೋಡ್ ಕನ್ನಡದಲ್ಲಿರುವ ವರ್ಡ್ ಕಡತ' ಎಂದೇ ಬರೆಯಿರಿ. ಯೂನಿಕೋಡ್‌ನಲ್ಲಿದ್ದರೂ ಪಿಡಿಎಫ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಕನ್ನಡದ ಮಟ್ಟಿಗೆ ವರ್ಡ್ ಕಡತವೇ ವಾಸಿ.

ಸ್ಕ್ಯಾನ್ ಚಿತ್ರದಿಂದ ಅಕ್ಷರ ಹೆಕ್ಕುವ ಓಸಿಆರ್ ಇದೆಯಲ್ಲ, ಕಡತ ಏಕೆ ಬೇಕು ಎಂದು ಕೇಳುವವರಿದ್ದಾರೆ. ಓಸಿಆರ್ ಕನ್ನಡಕ್ಕೂ ಇದೆ, ದಿನಪತ್ರಿಕೆ, ಕಥೆ ಓದುವುದಕ್ಕೆ ಒಳ್ಳೆಯದೇ. ಕಾನೂನಿನ ದಾಖಲೆಗೆ ಅದನ್ನು ನೆಚ್ಚುವುದು ಅಪಾಯ. ನಮ್ಮ ಆದೇಶಗಳ ವಾಕ್ಯದಲ್ಲಿ ನಿಷೇಧವೆಲ್ಲ ಕೊನೆಯ ಅಕ್ಷರದಲ್ಲಿ ಕೂತಿರುತ್ತದೆ. 'ಪರಿಗಣಿಸತಕ್ಕದ್ದಲ್ಲ' ಎಂಬುದರ ಬಾಲವನ್ನು ಮೊಹರಿನ ಶಾಯಿ ಮುಚ್ಚಿದರೆ, ಓಸಿಆರ್ 'ಪರಿಗಣಿಸತಕ್ಕದ್ದು' ಎಂದು ಓದಿಬಿಡಬಹುದು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಅಷ್ಟೇ. ಆ ತಪ್ಪಿನ ಹೊರೆ ಓದುಗರ ತಲೆಗೆ ಬೀಳಬಾರದು. ಮೂಲ ಅಕ್ಷರ ಕಚೇರಿಯ ಕಂಪ್ಯೂಟರಿನಲ್ಲೇ ಇರುವಾಗ ಅದನ್ನು ಕೊಡುವುದೇ ನ್ಯಾಯ.

ಸಹಿ, ಮೊಹರು ಇಲ್ಲದಿದ್ದರೆ ಆದೇಶಕ್ಕೆ ಬೆಲೆಯಿಲ್ಲ ಎಂಬ ಆಕ್ಷೇಪಣೆಗೂ ಉತ್ತರವಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೂ 5ನೇ ಕಲಂ ಎಲೆಕ್ಟ್ರಾನಿಕ್ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟಿವೆ. ಡಿಜಿಟಲ್ ಸಹಿ ಹಾಕಿದ ಅಕ್ಷರರೂಪದ ಕಡತ ಸಿಂಧು. ಅದಾಗದಿದ್ದರೆ ಸ್ಕ್ಯಾನ್ ಪ್ರತಿಯ ಜೊತೆಗೇ ವರ್ಡ್ ಕಡತವನ್ನೂ ಕಳಿಸಬಹುದು. ಇದಕ್ಕೆ ಖರ್ಚೇನೂ ಇಲ್ಲ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಎರಡು ಮುಖ್ಯ ತೀರ್ಪು ಕೊಟ್ಟಿದೆ. ರಾಜೀವ್ ರಾತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು, ಎಟಕುವಿಕೆಯ ಮಾನದಂಡಗಳನ್ನು ಬರಿಯ ಶಿಫಾರಸಿನ ಮಟ್ಟದಲ್ಲಿ ಇಡುವುದು ಮೂಲ ಕಾಯ್ದೆಗೇ ವಿರುದ್ಧ ಎಂದು ಆ ಕಾಯ್ದೆಯಡಿ ರೂಪಿಸಿದ 15(1)ನೇ ನಿಯಮವನ್ನು ಅಸಿಂಧುಗೊಳಿಸಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. ನಿಯಮ ಬಿದ್ದುಹೋಯಿತಲ್ಲ ಎಂದು ಯಾವ ಕಚೇರಿಯೂ ಕೈತೊಳೆದುಕೊಳ್ಳುವಂತಿಲ್ಲ. 42ನೇ ಕಲಂ ಹಾಗೇ ನಿಂತಿದೆ. ಎರಡನೆಯದು ಪ್ರಜ್ಞಾ ಪ್ರಸೂನ್ ಮತ್ತು ಅಮರ್ ಜೈನ್ ಪ್ರಕರಣಗಳ 2025ರ ಏಪ್ರಿಲ್ 30ರ ತೀರ್ಪು. ಮೊಬೈಲಿನಲ್ಲಿ ಕೆವೈಸಿ (ಗ್ರಾಹಕರ ಗುರುತಿನ ಪರಿಶೀಲನೆ) ಮಾಡಿಸುವಾಗ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತಾರೆ. ಅಂಧರು, ಆಸಿಡ್ ದಾಳಿಗೆ ಒಳಗಾದವರು ಇದನ್ನು ಹೇಗೆ ಮಾಡಬೇಕು? ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಹೇಳಿ, ಕೆವೈಸಿಯನ್ನು ಎಲ್ಲರಿಗೂ ಎಟಕುವಂತೆ ಮಾಡಲು 20 ನಿರ್ದೇಶನ ಕೊಟ್ಟಿತು. ನಿಮ್ಮ ಅರ್ಜಿಯಲ್ಲಿ ಈ ಎರಡು ತೀರ್ಪಿನ ಹೆಸರು, ದಿನಾಂಕ ಬರೆದರೆ ಸಾಕು.

ಈಗ ಅರ್ಜಿಯ ವಿಷಯ. ಮಾತಿನಲ್ಲಿ ಕೇಳಿ ಬಿಡಬೇಡಿ, ಬರವಣಿಗೆಯಲ್ಲಿ ಕೇಳಿ. ಒಂದು ಮಾದರಿ: "ನಾನು ದೃಷ್ಟಿ ವಿಕಲಚೇತನ. ಸ್ಕ್ರೀನ್ ರೀಡರ್ ಸಹಾಯದಿಂದ ಓದುತ್ತೇನೆ. ತಮ್ಮ ಕಚೇರಿಯ ಇಂಥ ಸಂಖ್ಯೆಯ, ಇಂಥ ದಿನಾಂಕದ ಆದೇಶ ಸ್ಕ್ಯಾನ್ ಚಿತ್ರದ ರೂಪದಲ್ಲಿದ್ದು ನನಗೆ ಓದಲಾಗುತ್ತಿಲ್ಲ. 2016ರ ಕಾಯ್ದೆಯ 42ನೇ ಕಲಮಿನಂತೆ ಅದರ ಯೂನಿಕೋಡ್ ವರ್ಡ್ ಪ್ರತಿಯನ್ನು ನನ್ನ ಇಮೇಲಿಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಆದೇಶಕ್ಕೆ ಉತ್ತರ ಕೊಡುವ ಕಾಲಾವಧಿಯನ್ನು ಓದುವಂಥ ಪ್ರತಿ ತಲುಪಿದ ದಿನದಿಂದ ಲೆಕ್ಕ ಹಾಕಬೇಕೆಂದೂ ಕೋರುತ್ತೇನೆ." ಆ ಕೊನೆಯ ವಾಕ್ಯವನ್ನು ಬಿಡಬೇಡಿ. ಓದಲಾಗದ ನೋಟಿಸಿಗೆ ಏಳು ದಿನದಲ್ಲಿ ಉತ್ತರ ಕೊಡಿ ಎನ್ನುವುದರಲ್ಲೇ ಎಷ್ಟೋ ಜನ ಸೋಲುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಸ್ವೀಕೃತಿ ಪಡೆಯಿರಿ, ಇಮೇಲನ್ನೂ ಮಾಡಿ.

ಸರ್ಕಾರಿ ನೌಕರರಾದರೆ 2016ರ ಕಾಯ್ದೆಯ 20ನೇ ಕಲಂ ಅಡೆತಡೆಯಿಲ್ಲದ ಕೆಲಸದ ವಾತಾವರಣದ ಭರವಸೆ ಕೊಡುತ್ತದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ದೂರು ನೋಂದಣಿಯಾದ ಎರಡು ವಾರದಲ್ಲಿ ವಿಚಾರಣೆ ನಡೆಯಬೇಕು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು.

ಸಾರ್ವಜನಿಕರಿಗೆ ಮಾಹಿತಿ ಹಕ್ಕು ಕಾಯ್ದೆ ಒಳ್ಳೆಯ ಅಸ್ತ್ರ, ಇದನ್ನು ಈ ಕೆಲಸಕ್ಕೆ ಬಳಸುವವರು ಕಡಿಮೆ. 7(4)ನೇ ಕಲಂ ಪ್ರಕಾರ ಇಂದ್ರಿಯ ವೈಕಲ್ಯವಿರುವ ಅರ್ಜಿದಾರರಿಗೆ ಮಾಹಿತಿ ಎಟಕುವಂತೆ ಮಾಹಿತಿ ಅಧಿಕಾರಿಯೇ ನೆರವು ಕೊಡಬೇಕು. 7(9)ರಂತೆ ಮಾಹಿತಿಯನ್ನು ಸಾಮಾನ್ಯವಾಗಿ ಕೇಳಿದ ರೂಪದಲ್ಲೇ ಕೊಡಬೇಕು. ಅರ್ಜಿ ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಳ್ಳಲು ನೆರವಾಗುವುದೂ ಅವರ ಹೊಣೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. 'ಸ್ಕ್ಯಾನ್ ಪ್ರತಿ ಕಳಿಸಲಾಗಿದೆ' ಎಂಬ ಹಿಂಬರಹ ಬಂದರೂ ಮೇಲ್ಮನವಿಗೆ ಹೋಗಬಹುದು.

ಬ್ಯಾಂಕಿನ ವಿಷಯವಾದರೆ ಮೊದಲು ಬ್ಯಾಂಕಿಗೇ ದೂರು ಕೊಡಿ. ಮೂವತ್ತು ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ರಾಜ್ಯ ಸರ್ಕಾರದ ಕಚೇರಿಗಳ ಮೇಲಿನ ದೂರು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ, ಕೇಂದ್ರದ ಇಲಾಖೆ, ಅಂಚೆ, ರೈಲ್ವೆಗಳದ್ದು ದೆಹಲಿಯ ಮುಖ್ಯ ಆಯುಕ್ತರಿಗೆ. ಇಬ್ಬರಿಗೂ ಸಾಕ್ಷಿ, ದಾಖಲೆ ಕರೆಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡರೆಂದು ಕಚೇರಿ ಮೂರು ತಿಂಗಳಲ್ಲಿ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಬರೆಯಬೇಕು. ಶಿಫಾರಸು ಎಂಬ ಪದ ದುರ್ಬಲ ಎಂಬ ದೂರು ನ್ಯಾಯವಾದದ್ದೇ. ಆದರೂ ಕಾರಣವಿಲ್ಲದ ನಿರಾಕರಣೆ ಕಾಗದದ ಮೇಲೆ ಬಂದರೆ ಮುಂದೆ ಹೈಕೋರ್ಟಿನಲ್ಲಿ ರಿಟ್ ಹಾಕುವಾಗ ಅದೇ ಆಧಾರ. 2016ರ ಕಾಯ್ದೆ ಉಲ್ಲಂಘಿಸಿದವರಿಗೆ 89ನೇ ಕಲಮಿನಡಿ ಮೊದಲ ಬಾರಿ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ವಿಕಲಚೇತನರಿಗೆ ಉಚಿತ ಕಾನೂನು ನೆರವು ಕೊಡುತ್ತದೆ. ತಾಲ್ಲೂಕು ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪಠ್ಯಪುಸ್ತಕದ ಬಗ್ಗೆ ತಂದೆತಾಯಿಯರಿಗೊಂದು ಮಾತು. ಮಗುವಿಗಾಗಿ ಪುಸ್ತಕ ಸ್ಕ್ಯಾನ್ ಮಾಡಿದರೆ, ಟೈಪ್ ಮಾಡಿದರೆ ಹಕ್ಕುಸ್ವಾಮ್ಯದ ತಂಟೆ ಬರುತ್ತದೆಂದು ಹಿಂಜರಿಯಬೇಡಿ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಇದಕ್ಕೆ ವಿನಾಯಿತಿ ಕೊಟ್ಟಿದೆ. ಪ್ರಕಾಶಕರ ಅನುಮತಿ ಬೇಡ. ಅಂಧ ಓದುಗರಿಗಾಗಿಯೇ ಮಾಡಿಕೊಂಡ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಹಾಗೆ ಸಿದ್ಧವಾದ ಪುಸ್ತಕಗಳು ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸಿಗುತ್ತವೆ. ಹೊಸದಾಗಿ ಸ್ಕ್ಯಾನ್ ಮಾಡುವ ಮೊದಲು ಅಲ್ಲಿ ಹುಡುಕಿ ನೋಡಿ.

ಮತ್ತೆ ದೂರಿನ ವಿಷಯಕ್ಕೆ ಬಂದರೆ, ಆಯುಕ್ತರ ಮುಂದೆ ವಿಚಾರಣೆ ಶುರುವಾದಾಗ ಎದುರು ಪಕ್ಷದ ಲಿಖಿತ ಉತ್ತರ ನಿಮಗೆ ಬರುತ್ತದೆ. ಅದೂ ಸ್ಕ್ಯಾನ್ ಆಗಿಯೇ ಬಂದರೆ ಸುಮ್ಮನೆ ತೆಗೆದುಕೊಳ್ಳಬೇಡಿ. ಅಕ್ಷರರೂಪದ ಪ್ರತಿ ಕೊಡಿಸುವಂತೆ, ಅಲ್ಲಿಯವರೆಗೆ ವಿಚಾರಣೆ ಮುಂದೂಡುವಂತೆ ಅಂದೇ ಮನವಿ ಕೊಟ್ಟು, ಅದನ್ನು ಆ ದಿನದ ನಡಾವಳಿಯಲ್ಲಿ ದಾಖಲಿಸಲು ಕೇಳಿಕೊಳ್ಳಿ.