ಲಾರಿಯೊಳಗಿನ ಫೈಲ್ ಯಾರದು?

ಹುಬ್ಬಳ್ಳಿಯ ಗ್ಯಾರೇಜ್ ಸಾಲಿನಲ್ಲಿ ಪಾನಾ, ಜಾಕ್, ಗ್ರೀಸ್ ಗನ್ನಿಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಒಮ್ಮೆ ಕೊಂಡರೆ ಮಗನ ಕಾಲಕ್ಕೂ ಅದೇ ಪಾನಾ. ಲ್ಯಾಪ್‌ಟಾಪಿನಲ್ಲಿರುವ ಪಾನಾಕ್ಕೆ ಮಾತ್ರ ವರ್ಷ ವರ್ಷವೂ ದುಡ್ಡು ಕಟ್ಟಬೇಕು, ಕಟ್ಟಿದರೂ ಅದು ನಮ್ಮದಾಗುವುದಿಲ್ಲ. ಲಾರಿ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಓದಿ ಬರೆಯುವ ಕೆಲಸಕ್ಕೆ ಇಳಿದಾಗ ನನಗೆ ಇದ್ದ ತಕರಾರು ಇದೇ. ಅದು ಪೂರ್ತಿ ಹೋಗಿಲ್ಲ. ಆದರೆ ಲೈಸೆನ್ಸಿಗೆ ಯಾಕೆ ದುಡ್ಡು ಹಾಕಬೇಕು ಅನ್ನುವುದಕ್ಕೆ, ಮಾರಲು ಬಂದವರು ಹೇಳದ ಕಾರಣವೊಂದು ಕೆಲಸ ಮಾಡುತ್ತ ಮಾಡುತ್ತ ಗೊತ್ತಾಯಿತು.

ಈ ಸಾಫ್ಟ್‌ವೇರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಇಂಜಿನ್ ಮಾಡಿದ ಕಂಪನಿಯೇ ಕೊಡುವುದು ಮೊದಲನೆಯದು. ಕಮ್ಮಿನ್ಸ್‌ನವರ ಇನ್‌ಸೈಟ್ ಇದ್ದಹಾಗೆ. ಇದರ ಲೈಸೆನ್ಸ್ ಒಂದು ಲ್ಯಾಪ್‌ಟಾಪಿಗೆ ಅಂಟಿಕೊಂಡಿರುತ್ತದೆ. ಕೆಳಗಿನ ದರ್ಜೆಯದರಲ್ಲಿ ಫಾಲ್ಟ್ ಕೋಡ್ ನೋಡಬಹುದು, ಅಳಿಸಬಹುದು, ಐಡಲ್ ಆರ್‌ಪಿಎಂನಂಥ ಸಣ್ಣ ಸೆಟ್ಟಿಂಗ್ ಬದಲಿಸಬಹುದು. ಇಂಜಿನ್ ಹೇಗೆ ನಡೆಯಬೇಕೆಂದು ಇಸಿಯುಗೆ ಹೇಳುವ ಕ್ಯಾಲಿಬ್ರೇಶನ್ ಫೈಲನ್ನೇ ಹೊಸದಾಗಿ ಹಾಕಬೇಕಾದರೆ ಮೇಲಿನ ದರ್ಜೆ ಬೇಕು, ಫೈಲೂ ಕಂಪನಿಯದೇ ಆಗಿರಬೇಕು.

ಎರಡನೆಯದು ಟ್ಯೂನಿಂಗ್ ಮಾಡುವವರ ಸಲಕರಣೆ. ಇಟಲಿಯ ಏಲಿಯನ್‌ಟೆಕ್ ಇದರಲ್ಲಿ ಹೆಸರು ಮಾಡಿದ್ದು. ಇಲ್ಲಿ ಮಾಸ್ಟರ್, ಸ್ಲೇವ್ ಎಂದು ಎರಡು ಬಗೆ. ಸ್ಲೇವ್ ಕೊಂಡವನು ಲಾರಿಯಿಂದ ಫೈಲ್ ಓದಬಹುದು, ಬಿಚ್ಚಲಾರ. ಬೀಗ ಬಿದ್ದ ಆ ಫೈಲನ್ನು ತನ್ನ ಮಾಸ್ಟರ್‌ಗೇ ಕಳಿಸಬೇಕು, ಅವನು ತಿದ್ದಿ ಕಳಿಸಿದ್ದನ್ನು ಬರೆಯಬೇಕು. ಕಾರಿಗೆ ಕೊಂಡ ಪ್ರೋಟೊಕಾಲ್ ಲಾರಿಗೆ ನಡೆಯುವುದಿಲ್ಲ, ಅದಕ್ಕೆ ಬೇರೆ ದುಡ್ಡು. ಅಮೆರಿಕದ ಪಿಕಪ್ ಟ್ರಕ್ಕುಗಳ ಲೋಕದಲ್ಲಿ ಎಚ್‌ಪಿ ಟ್ಯೂನರ್ಸ್‌ನಂಥವರು ಕ್ರೆಡಿಟ್ ಮಾರುತ್ತಾರೆ: ಒಂದು ಗಾಡಿಗೆ ಒಮ್ಮೆ ಕ್ರೆಡಿಟ್ ಖರ್ಚು ಮಾಡಿದರೆ ಆ ಗಾಡಿಗೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಪಕ್ಕದ ಗಾಡಿಗೆ ಮತ್ತೆ ಕ್ರೆಡಿಟ್.

ಇಷ್ಟೆಲ್ಲ ಕಟ್ಟುಪಾಡು ಕಂಡವರು ಚೀನಾದ ನಕಲಿ ಟೂಲಿಗೆ ಹೋಗುವುದು ಸಹಜ. ನಕಲಿಗೂ ಅದರದೇ ಮಡಿ ಇದೆ: ಇಂಟರ್ನೆಟ್ ಮುಟ್ಟಿಸಬಾರದು, ಆಂಟಿವೈರಸ್ ಬಂದ್ ಮಾಡಬೇಕು, ಅಪ್‌ಡೇಟ್ ಅನ್ನುವ ಬಟನ್ ಅಪ್ಪಿತಪ್ಪಿಯೂ ಒತ್ತಬಾರದು. ಅಂಥ ನಕಲಿ ಟೂಲಿನಿಂದ ಫೈಲ್ ಬರೆದ ಲಾರಿಯೊಂದನ್ನು ಬೇರೆ ಊರಿನಿಂದ ಎಳೆದು ತಂದಿದ್ದರು. ಇಗ್ನಿಶನ್ ಕೊಟ್ಟರೆ ಇಸಿಯು ಉತ್ತರವನ್ನೇ ಕೊಡುತ್ತಿರಲಿಲ್ಲ. ಫೈಲ್ ಬರೆಯುವಾಗ ನಡುವೆ ಕೈಕೊಟ್ಟಿದೆ. ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಕೂತು 24 ವೋಲ್ಟ್ ಕೊಡುತ್ತವೆ. ಅವುಗಳಲ್ಲೊಂದು ಬಳಲಿದ್ದರೂ ಬರೆಯುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಅದಕ್ಕೇ ಹೊರಗಿನಿಂದ ಸ್ಥಿರವಾದ ಸಪ್ಲೈ ಕೊಟ್ಟೇ ಕೂರಬೇಕು. ವೋಲ್ಟೇಜ್ ಸರಿಯಿದ್ದರೂ ಫೈಲಿನ ಸರಿತಪ್ಪು ತಾಳೆ ನೋಡುವ ಅಂಕಿ, ಅಂದರೆ ಚೆಕ್‌ಸಮ್ ತಪ್ಪಿದರೆ ಕತೆ ಅದೇ. ಈ ಲಾರಿಯಲ್ಲಿ ಎರಡರಲ್ಲಿ ಯಾವುದು ಆಗಿತ್ತೋ, ಬರೆದ ಹುಡುಗನಿಗೂ ಗೊತ್ತಿರಲಿಲ್ಲ. ಮೂಲ ಫೈಲನ್ನು ಅವನು ಉಳಿಸಿಟ್ಟುಕೊಂಡಿರಲಿಲ್ಲ.

ಹುಡುಗ ಕೆಲಸಗಾರನೇ. ಆದರೆ ಕೈಕೊಟ್ಟಾಗ ಫೋನ್ ಮಾಡಿ ಕೇಳಲು ಅವನಿಗೆ ಜನ ಇರಲಿಲ್ಲ. ಕದ್ದ ಸಾಫ್ಟ್‌ವೇರಿಗೆ ಹೆಲ್ಪ್‌ಲೈನ್ ಎಲ್ಲಿಂದ ಬರಬೇಕು? ಲೈಸೆನ್ಸ್ ಇದ್ದಿದ್ದರೆ ಇಸಿಯುದ ಹಾರ್ಡ್‌ವೇರ್, ಸಾಫ್ಟ್‌ವೇರ್ ನಂಬರ್ ಹೇಳಿ ರಿಕವರಿ ದಾರಿ ಕೇಳಬಹುದಿತ್ತು. ಕೊನೆಗೆ ಓನರ್ ಹೊಸ ಇಸಿಯು ತರಿಸಿದ, ಪ್ರತಿ ಇಂಜೆಕ್ಟರ್ ಮೇಲೆ ಅಚ್ಚಾಗಿರುವ ಕೋಡನ್ನು ಒಂದೊಂದಾಗಿ ತುಂಬಿಸಿದೆವು. ಅಷ್ಟೂ ದಿನ ಬಾಡಿಗೆ ಹೋಗದೆ ನಿಂತ ಗಾಡಿಯ ಕಂತು ಮಾತ್ರ ನಿಲ್ಲಲಿಲ್ಲ.

ಇನ್ನು ಓನರ್‌ಗಳು ಕೇಳುವುದು. ಅಂಕೋಲಾ ಕಡೆಯಿಂದ ಲೋಡ್ ಹೊತ್ತು ಅರಬೈಲ್ ಘಾಟ್ ಹತ್ತುವವರಿಗೆ ಪಿಕಪ್ ಬೇಕು. ಒಂದೇ ಇಂಜಿನ್ನನ್ನು ಕಂಪನಿ ಬೇರೆ ಬೇರೆ ಎಚ್‌ಪಿಗೆ ಮಾರುತ್ತದೆ ಅನ್ನುವುದು ಅವರಿಗೂ ಗೊತ್ತು. ‘ಬರೇ ಫೈಲಿನ ಫರಕ್ ಐತಿ ಅಲ್ರಿ ಸರ?’ ಅನ್ನುತ್ತಾರೆ. ಅರ್ಧ ನಿಜ. ಟಾರ್ಕ್ ಲಿಮಿಟರ್, ಇಂಜೆಕ್ಷನ್ ಪ್ರಮಾಣ, ರೈಲ್ ಪ್ರೆಶರ್, ಟರ್ಬೊ ಬೂಸ್ಟ್ ಎಲ್ಲವೂ ಇಸಿಯುದಲ್ಲಿ ಅಂಕಿಗಳ ಕೋಷ್ಟಕವಾಗಿಯೇ ಇವೆ. ಆದರೆ ಹೆಚ್ಚು ಎಚ್‌ಪಿಯ ಮಾಡೆಲ್ಲಿಗೆ ಎಷ್ಟೋ ಸಲ ಬೇರೆ ಟರ್ಬೊ, ಬೇರೆ ಕ್ಲಚ್, ದೊಡ್ಡ ರೇಡಿಯೇಟರ್ ಹಾಕಿರುತ್ತಾರೆ. ಗೇರ್‌ಬಾಕ್ಸಿಗೂ ಇಷ್ಟೇ ಟಾರ್ಕ್ ಅನ್ನುವ ಮಿತಿ ಇದೆ. ಯುರೋಪಿನಲ್ಲಿ ಕೂತವನು ಅರ್ಧ ಗಂಟೆಯಲ್ಲಿ ತಿದ್ದಿ ಕಳಿಸುವ ಫೈಲಿಗೆ ನಮ್ಮ ಓವರ್‌ಲೋಡಿನ ಅಂದಾಜೂ ಇರುವುದಿಲ್ಲ, ಬಳ್ಳಾರಿಯ ಬೇಸಿಗೆಯ ಅಂದಾಜೂ ಇರುವುದಿಲ್ಲ.

ಪಿಕಪ್ಪಿಗಿಂತ ಹೆಚ್ಚಾಗಿ ಕೇಳುವುದು ಇನ್ನೊಂದಿದೆ, ಅದನ್ನು ಮೆಲ್ಲಗೆ ಕೇಳುತ್ತಾರೆ. ‘ಆ ಯೂರಿಯಾ ಒಂದು ಬಂದ್ ಮಾಡಿಕೊಡ್ರಿ, ರೊಕ್ಕ ಎಷ್ಟಾದ್ರೂ ಆಗ್ಲಿ.’ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಶೇಕಡಾ 32.5ರ ಯೂರಿಯಾ ದ್ರಾವಣವನ್ನು, ಅಂದರೆ ಡಿಇಎಫ್ ಅನ್ನು, ಹೊಗೆ ಕೊಳವೆಗೆ ಸಿಂಪಡಿಸಿ, ಮುಂದಿರುವ ಕ್ಯಾಟಲಿಸ್ಟಿನಲ್ಲಿ ನೈಟ್ರೋಜನ್ ಆಕ್ಸೈಡ್ ಇಳಿಸುತ್ತಾರೆ. ದೊಡ್ಡ ಡೀಸೆಲ್ ಇಂಜಿನ್ನಿಗೆ ಬಿಎಸ್-4ರಲ್ಲಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದ ಮಿತಿ ಬಿಎಸ್-6ರಲ್ಲಿ ಅರ್ಧ ಗ್ರಾಮಿಗಿಂತ ಕೆಳಗೆ ಬಂತು. ಡಿಇಎಫ್ ಖಾಲಿಯಾದರೆ ಅಥವಾ ಕಳಪೆಯಾದರೆ ಇಸಿಯು ಮೊದಲು ಲೈಟ್ ತೋರಿಸುತ್ತದೆ, ಆಮೇಲೆ ಟಾರ್ಕ್ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಗಾಡಿಯನ್ನು ಗಂಟೆಗೆ 20 ಕಿಲೋಮೀಟರಿಗೆ ಕಟ್ಟಿಹಾಕುತ್ತದೆ. ಹೊಲದ ಯೂರಿಯಾ ಬೋರ್‌ವೆಲ್ ನೀರಿಗೆ ಕದಡಿ ಸುರಿದು, ಅದನ್ನು ಸಿಂಪಡಿಸುವ ಡೋಸರ್ ಕಟ್ಟಿ ಗ್ಯಾರೇಜಿಗೆ ಬರುವ ಗಾಡಿಗಳೂ ಇವೆ. ನಮ್ಮಲ್ಲಿ 2015ರಿಂದ ಹೊಲದ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯ. ಬೆಳೆಗೆ ಒಳ್ಳೆಯದು, ಕ್ಯಾಟಲಿಸ್ಟಿಗೆ ಅಲ್ಲ.

ಯೂರಿಯಾ ಬಂದ್ ಮಾಡುವ ಫೈಲ್ ಸಿಗುತ್ತದೆ, ಇಸಿಯುಗೆ ಸುಳ್ಳು ಸಂದೇಶ ಕಳಿಸುವ ಎಮ್ಯುಲೇಟರ್ ಡಬ್ಬಿಯೂ ಸಿಗುತ್ತದೆ. ನಾನು ಮಾಡಿಕೊಡುವುದಿಲ್ಲ. ಗಿರಾಕಿ ಹೋಗುತ್ತಾನೆ, ಹೋಗಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅಂಥ ಒಂದೊಂದು ಬದಲಾವಣೆಗೂ ಓನರ್‌ಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆಗೂ ಅವಕಾಶವಿದೆ. ‘ಪಿಯುಸಿ ಪಾಸ್ ಆಗ್ತೈತಲ್ರಿ’ ಅನ್ನುವವರಿದ್ದಾರೆ. ಆಗುತ್ತದೆ, ಯಾಕೆಂದರೆ ಡೀಸೆಲ್ ಗಾಡಿಯ ಪಿಯುಸಿಯಲ್ಲಿ, ಅಂದರೆ ಹೊಗೆ ತಪಾಸಣೆಯಲ್ಲಿ, ನೋಡುವುದು ಹೊಗೆಯ ದಟ್ಟಣೆಯನ್ನು. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಪರೀಕ್ಷೆಯ ಈ ತೂತಿನ ಮೇಲೆ ಯೂರಿಯಾ ಬಂದ್ ಮಾಡುವ ಇಡೀ ದಂಧೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಇಂಜಿನ್ ಮಾಡಿದವರನ್ನೇ ಹಿಡಿದರು. ರ‍್ಯಾಮ್ ಪಿಕಪ್ ಟ್ರಕ್ಕುಗಳ ಇಂಜಿನ್ ಸಾಫ್ಟ್‌ವೇರಿನಲ್ಲಿ ಹೊಗೆ ನಿಯಂತ್ರಣಕ್ಕೆ ವಂಚಿಸುವ ಏರ್ಪಾಡಿದೆ ಎಂಬ ಆರೋಪದ ಇತ್ಯರ್ಥಕ್ಕೆ 2023ರ ಡಿಸೆಂಬರಿನಲ್ಲಿ ಕಮ್ಮಿನ್ಸ್ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅಲ್ಲಿನ ಶುದ್ಧಗಾಳಿ ಕಾಯ್ದೆಯ ಸಿವಿಲ್ ದಂಡಗಳಲ್ಲಿ ಅದಕ್ಕಿಂತ ದೊಡ್ಡದು ಮೊದಲು ಇರಲಿಲ್ಲ. ಈ ಸುದ್ದಿಯನ್ನು ನಾನು ಓನರ್‌ಗಳಿಗೆ ಹೇಳುತ್ತೇನೆ. ನಕ್ಕು ಸುಮ್ಮನಾಗುತ್ತಾರೆ.

ಈಗ ನಮ್ಮಲ್ಲಿ ಯಾವುದೇ ಇಸಿಯು ಮುಟ್ಟುವ ಮುಂಚೆ ಒಳಗಿರುವ ಫೈಲ್ ಓದಿ, ಗಾಡಿ ನಂಬರಿನ ಹೆಸರಲ್ಲಿ ಎರಡು ಕಡೆ ಇಡುತ್ತೇವೆ. ಹಾಕಿದ ಫೈಲಿನ ಕ್ಯಾಲಿಬ್ರೇಶನ್ ನಂಬರ್, ತಾರೀಖು, ಯಾರ ಲೈಸೆನ್ಸಿನಿಂದ ಬರೆದದ್ದು ಅನ್ನುವುದು ಬಿಲ್ಲಿನಲ್ಲೇ ಬರುತ್ತದೆ. ಮೊದಮೊದಲು ಓನರ್‌ಗಳು ಬಿಲ್ಲನ್ನು ಅಲ್ಲೇ ಮಡಚಿ ಬಿಸಾಡುತ್ತಿದ್ದರು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಅವರಿಗೆ ಅದರ ಬೆಲೆ ಕಲಿಸಿತು. ಗಾಡಿ ಕೈ ಬದಲಾಗುತ್ತದೆ, ಟ್ಯೂನ್ ಮಾಡಿದವನು ಅಂಗಡಿ ಮುಚ್ಚಿರುತ್ತಾನೆ, ಫೈಲ್ ಒಳಗೇ ಉಳಿದಿರುತ್ತದೆ. ಶೋರೂಮಿನವರು ಸ್ಕ್ಯಾನರ್ ಹಾಕಿ ಕ್ಯಾಲಿಬ್ರೇಶನ್ನಿನ ಪರಿಶೀಲನಾ ಸಂಖ್ಯೆ ತಾಳೆ ನೋಡಿದರೆ ಕಂಪನಿಯದಲ್ಲ ಅನ್ನುವುದು ತಿಳಿದುಹೋಗುತ್ತದೆ, ವಾರಂಟಿ ಅಲ್ಲಿಗೇ ನಿಲ್ಲುತ್ತದೆ. ಈಗೀಗ ಹಳೆ ಲಾರಿ ಕೊಳ್ಳುವವರು ಟೈರು, ಚಾಸಿ ನೋಡುವ ಮುಂಚೆ ಗಾಡಿಯನ್ನು ನಮ್ಮಲ್ಲಿಗೆ ತಂದು ‘ಒಳಗ ಏನೈತಿ ನೋಡ್ರಿ ಸರ’ ಅನ್ನುತ್ತಾರೆ. ಅದಕ್ಕೆ ಬೇರೆ ಚಾರ್ಜ್ ಮಾಡುತ್ತೇವೆ. ವರ್ಷದ ಲೈಸೆನ್ಸ್ ದುಡ್ಡಿನ ಒಂದು ಪಾಲು ಈಗ ಇದರಿಂದಲೇ ಹುಟ್ಟುತ್ತಿದೆ.